ಒಂದನೇ ನಂಬರಿನ ಪ್ರೋಗ್ರಾಂ ಬದಲಾದ ಮೇಲೆ

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವರಲ್ಲಿ ಅನೇಕರಿಗೆ 214 ಎಂಬ ಸಂಖ್ಯೆಯ ಪರಿಚಯವಿದೆ. ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮುಗಿದಿರುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಯಾವ ತಕರಾರೂ ಇಲ್ಲದೆ ಶುರುವಾಗಿರುತ್ತದೆ. ಏಕಕಾಲಕ್ಕೆ 500 ಸಂಪರ್ಕಗಳಿಗೆ ಅವಕಾಶ ಕೊಡು ಎಂದು ಅದರ ಕಾನ್ಫಿಗರೇಷನ್ ಫೈಲಿನಲ್ಲಿ ಬರೆದದ್ದನ್ನು ಯಾರೂ ಮುಟ್ಟಿರುವುದಿಲ್ಲ. ಆದರೂ ಬಳಕೆದಾರರು ಹೆಚ್ಚಾಗುವ ಹೊತ್ತಿಗೆ ಹೊಸ ಸಂಪರ್ಕಗಳು ಬಾಗಿಲಲ್ಲೇ ವಾಪಸಾಗತೊಡಗುತ್ತವೆ. ಲಾಗ್ ತೆರೆದು ನೋಡಿದರೆ, ಕೇಳಿದ್ದು 500, ಸಿಕ್ಕಿದ್ದು 214 ಎಂಬ ಒಂದು ಎಚ್ಚರಿಕೆಯ ಸಾಲು ಇರುತ್ತದೆ. ಈ ಸಂಖ್ಯೆಯನ್ನು ಯಾರೂ ಎಲ್ಲೂ ಬರೆದಿಲ್ಲ, ಅದು ಒಂದು ಕಳೆಯುವ ಲೆಕ್ಕದ ಉಳಿಕೆ. ಒಂದು ಪ್ರೋಗ್ರಾಂ ಒಮ್ಮೆಗೆ ಎಷ್ಟು ಫೈಲುಗಳನ್ನು ತೆರೆದಿಟ್ಟುಕೊಳ್ಳಬಹುದು ಎಂಬುದಕ್ಕೆ ಲಿನಕ್ಸ್ ಒಂದು ಮಿತಿ ಇಡುತ್ತದೆ. ಬೇರೆ ಹೇಳದಿದ್ದರೆ ಆ ಮಿತಿ 1024. ಮೈಎಸ್‌ಕ್ಯೂಎಲ್‌ನ 5.6, 5.7ರಂಥ ಆವೃತ್ತಿಗಳು ಅದರಲ್ಲಿ ಹತ್ತನ್ನು ತಮ್ಮ ಸ್ವಂತಕ್ಕೆ, 800ನ್ನು ಟೇಬಲ್‌ಗಳಿಗೆ ಎತ್ತಿಟ್ಟು, ಮಿಕ್ಕದ್ದನ್ನು ಸಂಪರ್ಕಗಳಿಗೆ ಬಿಡುತ್ತಿದ್ದವು. ಮಿಕ್ಕದ್ದು 214. ಹಳೆಯ ವ್ಯವಸ್ಥೆಯಲ್ಲಿ ಈ ಮಿತಿಯನ್ನು ಡೇಟಾಬೇಸ್ ಶುರುವಾಗುವ ಮೊದಲೇ ಯಾರೋ ಏರಿಸುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಆ ‘ಯಾರೋ’ ಇಲ್ಲ.

ಆ ‘ಯಾರೋ’ ಯಾರು ಎಂಬುದನ್ನು ತಿಳಿಯಲು ಯಂತ್ರ ಏಳುವ ಬಗೆಯನ್ನು ಸ್ವಲ್ಪ ನೋಡಬೇಕು. ಲಿನಕ್ಸ್ ಯಂತ್ರ ಬೂಟ್ ಆಗುವಾಗ ಕರ್ನಲ್ ಮೊದಲು ಎಬ್ಬಿಸುವ ಪ್ರೋಗ್ರಾಂಗೆ ಒಂದನೇ ನಂಬರು. ಅದೇ ಇನಿಟ್. ವೆಬ್ ಸರ್ವರ್, ಡೇಟಾಬೇಸ್, ಮೇಲ್, ಬ್ಯಾಕಪ್, ಪ್ರಿಂಟರ್ ಹೀಗೆ ಪರದೆಯ ಮೇಲೆ ಕಾಣಿಸದೆ ಹಗಲಿರುಳು ಓಡುವ ಸರ್ವಿಸ್‌ಗಳನ್ನೆಲ್ಲ ಶುರು ಮಾಡುವುದು, ನಿಲ್ಲಿಸುವುದು ಅದರ ಜವಾಬ್ದಾರಿ. ಬಹುಕಾಲ ಈ ಜಾಗದಲ್ಲಿದ್ದದ್ದು ಸಿಸ್ಟಮ್ ಫೈವ್ ಯುನಿಕ್ಸ್‌ನಿಂದ ಬಂದ ಸಿಸ್‌ವಿ ಇನಿಟ್. ಪ್ರತಿ ಸರ್ವಿಸ್‌ಗೂ ಒಂದು ಶೆಲ್ ಸ್ಕ್ರಿಪ್ಟ್, ಆ ಸ್ಕ್ರಿಪ್ಟ್‌ಗಳನ್ನು ನಂಬರಿನ ಸರದಿಯಲ್ಲಿ ಒಂದಾದ ಮೇಲೊಂದು ಓಡಿಸುವುದು, ಇಷ್ಟೇ ಅದರ ವಿಧಾನ. 2006ರಲ್ಲಿ ಉಬುಂಟು ಅಪ್‌ಸ್ಟಾರ್ಟ್ ಎಂಬ ಬದಲಿಯನ್ನು ತಂದಿತು. 2010ರ ಏಪ್ರಿಲ್‌ನಲ್ಲಿ ಲೆನ್ನಾರ್ಟ್ ಪೊಯೆಟರಿಂಗ್ ಸಿಸ್ಟಮ್‌ಡಿ ಎಂಬ ಹೊಸ ಇನಿಟ್ ಅನ್ನು ಪ್ರಕಟಿಸಿದರು. ಲಿನಕ್ಸ್‌ನ ಬೇರೆಬೇರೆ ವಿತರಣೆಗಳಲ್ಲಿ, ಅಂದರೆ ಡಿಸ್ಟ್ರೋಗಳಲ್ಲಿ, ಮರುವರ್ಷ ಫೆಡೋರಾ 15, 2012ರಲ್ಲಿ ಆರ್ಚ್, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಅದಕ್ಕೆ ಬದಲಾದವು. ಬದಲಾವಣೆಯ ಅಲೆ ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಬಗೆಯ ಸ್ಕ್ರಿಪ್ಟ್‌ಗಳನ್ನೇ ನೆಚ್ಚಿಕೊಂಡಿದ್ದ ಸೆಂಟ್‌ಓಎಸ್ 6ಕ್ಕೆ ಬೆಂಬಲ ನಿಂತದ್ದು 2020ರ ನವೆಂಬರ್ 30ರಂದು. ಅಲ್ಲಿಯವರೆಗೂ, ಆಮೇಲೂ ಸರ್ವರ್‌ಗಳು ಒಂದೊಂದಾಗಿ ದಾಟುತ್ತಲೇ ಇದ್ದವು.

ಈ ದಾಟುವಿಕೆಯನ್ನು ಬಹುಮಂದಿ ಆದೇಶಗಳ ಬದಲಾವಣೆ ಎಂದೇ ತಿಳಿಯುತ್ತಾರೆ. ಮೊದಲು ಹಾಗೆ ಟೈಪ್ ಮಾಡುತ್ತಿದ್ದೆವು, ಈಗ ಹೀಗೆ ಟೈಪ್ ಮಾಡಬೇಕು ಎಂಬ ಎರಡು ಕಾಲಮ್ಮಿನ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿಕೊಂಡರೆ ಆಯಿತು ಎಂಬ ಭಾವನೆ. ನನ್ನ ವಾದ ಬೇರೆ. ಇನಿಟ್ ಬದಲಾದಾಗ ನಿಜವಾಗಿ ಕಳೆದುಹೋಗುವುದು ಹಳೆಯ ವ್ಯವಸ್ಥೆ ಯಾರೂ ಕೇಳದೆಯೇ ಮಾಡಿಕೊಡುತ್ತಿದ್ದ ಉಪಕಾರಗಳು. ಹಲವು ವರ್ಷ ಒಂದೇ ಮನೆಯಲ್ಲಿ ಅಡುಗೆ ಮಾಡಿದವರು ಬಿಟ್ಟುಹೋದಾಗ ಪಾತ್ರೆ ಪಡಗ, ದಿನಸಿ ಎಲ್ಲ ಇದ್ದಲ್ಲೇ ಇರುತ್ತವೆ, ಆದರೆ ಅಜ್ಜಿಯ ಸಾರಿಗೆ ಉಪ್ಪು ಕಡಿಮೆ ಹಾಕಬೇಕೆಂಬುದು ಎಲ್ಲೂ ಬರೆದಿರುವುದಿಲ್ಲ. ಆದ್ದರಿಂದ ಇನಿಟ್ ಬದಲಿಸಿದ ಮೇಲಿನ ಮುಖ್ಯ ಕೆಲಸ ಸರ್ವಿಸ್‌ಗಳನ್ನು ಮತ್ತೆ ಓಡುವಂತೆ ಮಾಡುವುದಷ್ಟೇ ಅಲ್ಲ. ಪ್ರತಿ ಸರ್ವಿಸ್ ಇಷ್ಟು ದಿನ ಬಾಯಿಬಿಟ್ಟು ಹೇಳದೆ ಏನೇನನ್ನು ನಂಬಿಕೊಂಡಿತ್ತು ಎಂಬುದನ್ನು ಹುಡುಕಿ, ಹೊಸ ವ್ಯವಸ್ಥೆಗೆ ಅರ್ಥವಾಗುವಂತೆ ಬರೆದುಕೊಡುವುದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಜಾವಾದಲ್ಲಿ ಬರೆದ ಅಪ್ಲಿಕೇಷನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ಗೆ ಹಳೆಯ ಕಾಲದಲ್ಲಿ ಕಚೇರಿಯವರೇ ಬರೆದುಕೊಂಡ ಸ್ಕ್ರಿಪ್ಟ್ ಇರುತ್ತಿತ್ತು. ಅದರ ಜೀವಾಳ ಒಂದೇ ಸಾಲು: ರೂಟ್ ಬಳಕೆದಾರ ‘ಎಸ್‌ಯು’ ಆದೇಶಕ್ಕೆ ಒಂದು ಅಡ್ಡಗೆರೆ ಸೇರಿಸಿ ಟಾಮ್‌ಕ್ಯಾಟ್ ಬಳಕೆದಾರನಾಗಿ ಬದಲಾಗುವುದು, ಆಮೇಲೆ ಸರ್ವರ್ ಶುರು ಮಾಡುವುದು. ಆ ಅಡ್ಡಗೆರೆ ನೋಡಲು ಸಣ್ಣದು, ಮಾಡುವ ಕೆಲಸ ದೊಡ್ಡದು. ಅದಿದ್ದರೆ ಟಾಮ್‌ಕ್ಯಾಟ್ ಬಳಕೆದಾರ ಆಗತಾನೇ ಲಾಗಿನ್ ಆದಂತೆ. ಆತನ ಪ್ರೊಫೈಲ್ ಫೈಲು ಓದಲ್ಪಡುತ್ತದೆ, ಜಾವಾ ಎಲ್ಲಿದೆ ಎಂಬ ವಿಳಾಸ ಅದರಿಂದಲೇ ಸಿಗುತ್ತದೆ. ಲಾಗಿನ್ ಪ್ರಕ್ರಿಯೆಯ ಭಾಗವಾದ ಪ್ಯಾಮ್ ವ್ಯವಸ್ಥೆ ‘ಲಿಮಿಟ್ಸ್’ ಫೈಲನ್ನು ತೆರೆದು, ಈ ಬಳಕೆದಾರ ಎಷ್ಟು ಫೈಲುಗಳನ್ನು ತೆರೆಯಬಹುದೆಂಬ ಮಿತಿಯನ್ನು ಏರಿಸುತ್ತದೆ. ಈಗ ಇದನ್ನೇ, ಸರ್ವಿಸ್ ಹೇಗೆ ಓಡಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯುನಿಟ್ ಫೈಲಾಗಿ ಬರೆಯುವಾಗ ‘ಯೂಸರ್’ ಎಂಬ ಸಾಲಿನ ಮುಂದೆ ಟಾಮ್‌ಕ್ಯಾಟ್ ಎಂದು ಹಾಕುತ್ತಾರೆ. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಇಲ್ಲಿ ಲಾಗಿನ್ ಎಂಬುದೇ ನಡೆಯುವುದಿಲ್ಲ. ಪ್ರೊಫೈಲ್ ಓದುವವರಿಲ್ಲ, ಹಾಗಾಗಿ ಜಾವಾ ಸಿಗುವುದಿಲ್ಲ. ಲಿಮಿಟ್ಸ್ ಫೈಲಿನಲ್ಲಿ ದೊಡ್ಡ ಸಂಖ್ಯೆ ಬರೆದಿದ್ದರೂ ಅದು ಈ ಸರ್ವಿಸ್‌ಗೆ ಅನ್ವಯಿಸುವುದಿಲ್ಲ. ಎರಡನ್ನೂ ಯುನಿಟ್ ಫೈಲಿನಲ್ಲೇ ‘ಎನ್ವಿರಾನ್‌ಮೆಂಟ್’, ‘ಲಿಮಿಟ್‌ನೋಫೈಲ್’ ಎಂಬ ಎರಡು ಸಾಲುಗಳಾಗಿ ಬರೆಯಬೇಕು. ಜಾವಾ ಸಿಗದಿದ್ದರೆ ಸರ್ವಿಸ್ ಆಗಲೇ ಬೀಳುತ್ತದೆ, ತಪ್ಪು ಗೊತ್ತಾಗುತ್ತದೆ. ಮಿತಿಯ ತಪ್ಪು ಗೊತ್ತಾಗುವುದು ವಾರಗಳು ಕಳೆದು, ಬಳಕೆ ಏರಿದ ದಿನ.

ಹಳೆಯ ಏರ್ಪಾಡು ಆಗಲೂ ಅಷ್ಟು ಭದ್ರವಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆಗ ಯಂತ್ರ ಬೂಟ್ ಆಗುವಾಗ ತಾನಾಗಿ ಶುರುವಾದ ಸರ್ವಿಸ್‌ಗೂ, ಅಡ್ಮಿನ್ ಟರ್ಮಿನಲ್‌ನಲ್ಲಿ ಕೂತು ಕೈಯಾರೆ ರೀಸ್ಟಾರ್ಟ್ ಮಾಡಿದ ಸರ್ವಿಸ್‌ಗೂ ಸಿಗುತ್ತಿದ್ದ ಪರಿಸರ ಒಂದೇ ಅಲ್ಲ. ಕೈಯಾರೆ ಶುರು ಮಾಡಿದಾಗ ಆ ಅಡ್ಮಿನ್‌ನ ಶೆಲ್ಲಿನಲ್ಲಿದ್ದ ಮಿತಿ, ಭಾಷೆಯ ಸೆಟ್ಟಿಂಗ್, ಹೊಸ ಫೈಲುಗಳ ಅನುಮತಿ ಎಲ್ಲವೂ ಸರ್ವಿಸ್‌ಗೆ ಬಳುವಳಿಯಾಗಿ ಬರುತ್ತಿದ್ದವು. ಯಾರು ರೀಸ್ಟಾರ್ಟ್ ಮಾಡಿದರು ಎಂಬುದರ ಮೇಲೆ ಡೇಟಾಬೇಸ್‌ನ ನಡವಳಿಕೆ ಬದಲಾಗಬಹುದಿತ್ತು. ಸಿಸ್ಟಮ್‌ಡಿಯಲ್ಲಿ ಅಡ್ಮಿನ್ ಆದೇಶ ಕೊಟ್ಟರೂ ಸರ್ವಿಸ್ ಹುಟ್ಟುವುದು ಒಂದನೇ ನಂಬರಿನ ಪ್ರೋಗ್ರಾಂನಿಂದಲೇ, ಅದೂ ಪ್ರತಿ ಸಲ ಅದೇ ಪರಿಸರದಲ್ಲಿ. ಇದು ದೊಡ್ಡ ಲಾಭ. ಆದರೆ ಈ ಲಾಭ ಸಿಗುವುದು ಆ ಪರಿಸರ ಹೇಗಿರಬೇಕೆಂದು ಬರೆದುಕೊಟ್ಟವರಿಗೆ ಮಾತ್ರ.

ಹಳೆಯ ಸ್ಕ್ರಿಪ್ಟ್‌ಗಳನ್ನು ಸಿಸ್ಟಮ್‌ಡಿ ಹಾಗೆಯೇ ಓಡಿಸುತ್ತದಲ್ಲ, ಓಡುತ್ತಿರುವುದನ್ನು ಯಾಕೆ ಕೆಣಕಬೇಕು ಎಂಬುದು ಮೊದಲು ಬರುವ ಆಕ್ಷೇಪ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಸರ್ವರ್ ಕೋಣೆಯಲ್ಲಿ ಅನುಭವ ಕಲಿಸಿದ ಎಚ್ಚರ ಅದು. ಹಳೆಯ ಸ್ಕ್ರಿಪ್ಟ್ ಕಂಡರೆ ಸಿಸ್ಟಮ್‌ಡಿಯ ಒಂದು ಭಾಗ ಅದಕ್ಕೊಂದು ತಾತ್ಕಾಲಿಕ ಯುನಿಟ್ ಫೈಲನ್ನು ತಾನೇ ಹೆಣೆದುಕೊಡುತ್ತಿತ್ತು, ನಿಜ. ಆದರೆ ಆ ಫೈಲನ್ನು ಬಿಚ್ಚಿ ನೋಡಬೇಕು. ಸರ್ವಿಸ್ ಬಿದ್ದರೆ ಮತ್ತೆ ಎಬ್ಬಿಸಬೇಡ ಎಂದು ಅದರಲ್ಲಿರುತ್ತದೆ. ಮುಖ್ಯ ಪ್ರೋಗ್ರಾಂ ಯಾವುದೆಂದು ಊಹಿಸಬೇಡ ಎಂದಿರುತ್ತದೆ. ಪ್ರೋಗ್ರಾಂನ ನಂಬರನ್ನು ಯಾವ ಫೈಲಿನಲ್ಲಿ ಬರೆದಿಡುತ್ತೇನೆ ಎಂದು ಸ್ಕ್ರಿಪ್ಟ್ ತನ್ನ ತಲೆಬರಹದಲ್ಲಿ ಹೇಳಿರದಿದ್ದರೆ, ಎಲ್ಲ ಮುಗಿದು ಹೋದರೂ ಸರ್ವಿಸ್ ಚಾಲ್ತಿಯಲ್ಲಿದೆ ಎಂದೇ ಎಣಿಸು ಎಂದೂ ಇರುತ್ತದೆ. ಇದರ ಫಲವನ್ನು ಸ್ಟೇಟಸ್ ಕೇಳಿದಾಗ ಕಾಣಬಹುದು. ‘ಆಕ್ಟಿವ್’ ಎಂಬ ಹಸಿರು ಪದ, ಅದರ ಪಕ್ಕದಲ್ಲೇ ಕಂಸದೊಳಗೆ ‘ಎಕ್ಸಿಟೆಡ್’. ಸ್ಕ್ರಿಪ್ಟ್ ಓಡಿ ಮುಗಿಯಿತು ಎಂಬುದಷ್ಟೇ ಅದರ ಅರ್ಥ. ಅದು ಎಬ್ಬಿಸಿದ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಸತ್ತು ಬಿದ್ದಿದ್ದರೂ ಆ ಹಸಿರು ಬಣ್ಣ ಮಾಸುವುದಿಲ್ಲ. ನಿಗಾ ಇಡುವ ಸಾಫ್ಟ್‌ವೇರ್ ಇದನ್ನೇ ನಂಬಿ ಕೂತರೆ ರಾತ್ರಿ ಪಾಳಿಯವರಿಗೆ ಎಚ್ಚರಿಕೆಯ ಸಂದೇಶವೇ ಹೋಗುವುದಿಲ್ಲ. ಇನ್ನು ಹಳೆಯ ಸ್ಕ್ರಿಪ್ಟಿನೊಳಗೆ ನಾವು ಮೇಲೆ ನೋಡಿದ ಅಡ್ಡಗೆರೆಯ ಸಾಲು ಇದ್ದರೆ, ಕೆಲವು ಡಿಸ್ಟ್ರೋಗಳಲ್ಲಿ ಹೊಸ ಲಾಗಿನ್ ಸೆಷನ್ ಸೃಷ್ಟಿಯಾಗಿ ಡೀಮನ್ ಆ ಸೆಷನ್ನಿನ ಪಾಲಿಗೆ ಹೋಗುತ್ತದೆ. ಸರ್ವಿಸ್‌ನ ಲೆಕ್ಕದಲ್ಲಿ ಅದು ಇರುವುದೇ ಇಲ್ಲ. ಯಂತ್ರ ಶಟ್‌ಡೌನ್ ಆಗುವಾಗ ಸೆಷನ್ನುಗಳನ್ನು ಮುಗಿಸುವ ಭರದಲ್ಲಿ ಡೇಟಾಬೇಸ್ ಕ್ರಮವಾಗಿ ನಿಲ್ಲುವ ಮೊದಲೇ ಕೊಲ್ಲಲ್ಪಡಬಹುದು. ಓಡುತ್ತಿದೆ ಎಂದು ನಾವು ತಿಳಿದದ್ದು ಎಷ್ಟರಮಟ್ಟಿಗೆ ಓಡುತ್ತಿತ್ತು ಎಂಬುದು ಆ ಹೊತ್ತಿನಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ.

ಹೇಳದೆ ನಂಬಿಕೊಂಡ ಸಂಗತಿಗಳಲ್ಲಿ ಕಾಲಕ್ಕೆ ಸಂಬಂಧಿಸಿದವು ಇನ್ನೊಂದು ಬಗೆ. ಸಿಸ್‌ವಿ ಇನಿಟ್‌ಗೆ ಗಡಿಯಾರದ ಹಂಗಿರಲಿಲ್ಲ. ಸ್ಕ್ರಿಪ್ಟ್ ಮುಗಿಯುವವರೆಗೆ ಕಾಯುತ್ತಿತ್ತು, ಆಮೇಲೆ ಮುಂದಿನದಕ್ಕೆ ಹೋಗುತ್ತಿತ್ತು. ಸಿಸ್ಟಮ್‌ಡಿ ಸಾಮಾನ್ಯವಾಗಿ ಕೊಡುವ ಗಡುವು 90 ಸೆಕೆಂಡ್. ಕರೆಂಟ್ ಹೋಗಿ ಯಂತ್ರ ಏಕಾಏಕಿ ನಿಂತು, ಮತ್ತೆ ಎದ್ದಾಗ ದೊಡ್ಡ ಡೇಟಾಬೇಸೊಂದು ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಸರಿಪಡಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಡಬಹುದು. ಗಡುವು ಮೀರಿತೆಂದು ಸಿಸ್ಟಮ್‌ಡಿ ಅದನ್ನು ಕೊಲ್ಲುತ್ತದೆ, ಯುನಿಟ್ ಫೈಲಿನಲ್ಲಿ ಹಾಗೆ ಹೇಳಿದ್ದರೆ ಮತ್ತೆ ಎಬ್ಬಿಸುತ್ತದೆ, ಅದು ಮತ್ತೆ ಅದೇ ದುರಸ್ತಿಗೆ ತೊಡಗುತ್ತದೆ, ಮತ್ತೆ ಗಡುವು. ಮಾರಿಯಾಡಿಬಿ ಡೇಟಾಬೇಸ್‌ನ ಈಚಿನ ಆವೃತ್ತಿಗಳು ಇನ್ನಷ್ಟು ಸಮಯ ಬೇಕೆಂದು ತಾವೇ ಕೇಳಿಕೊಳ್ಳುವುದನ್ನು ಕಲಿತಿವೆ. ಎಲ್ಲ ಪ್ರೋಗ್ರಾಂಗಳೂ ಕಲಿತಿಲ್ಲ. ಡಿಸ್ಕುಗಳ ವಿಷಯದಲ್ಲೂ ಇದೇ ಕಥೆ. ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ ಎಫ್‌ಎಸ್‌ಟ್ಯಾಬ್ ಎಂಬ ಫೈಲಿನಲ್ಲಿರುತ್ತದೆ. ಎಂದೋ ಕಳಚಿಟ್ಟ ಹಳೆಯ ಬ್ಯಾಕಪ್ ಡಿಸ್ಕಿನ ಸಾಲು ಅದರಲ್ಲಿ ಉಳಿದಿದ್ದರೂ ಸಿಸ್‌ವಿ ಇನಿಟ್ ಒಂದು ದೂರಿನ ಸಾಲು ಮುದ್ರಿಸಿ ಮುಂದೆ ಹೋಗುತ್ತಿತ್ತು. ಸಿಸ್ಟಮ್‌ಡಿ ಒಂದೂವರೆ ನಿಮಿಷ ಕಾದು, ಡಿಸ್ಕ್ ಬರದಿದ್ದರೆ ಯಂತ್ರವನ್ನು ತುರ್ತು ಸ್ಥಿತಿಗೆ ಇಳಿಸಿ ಕನ್ಸೋಲ್‌ನಲ್ಲಿ ರೂಟ್ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತದೆ. ಡೆಬಿಯನ್ 8ರ ಬಿಡುಗಡೆ ಟಿಪ್ಪಣಿಗಳು ಈ ಬಗ್ಗೆ ಪ್ರತ್ಯೇಕವಾಗಿಯೇ ಎಚ್ಚರಿಸಿದ್ದವು. ಆ ಡಿಸ್ಕಿನ ಸಾಲಿಗೆ ‘ನೋಫೇಲ್’ ಎಂಬ ಒಂದು ಪದ ಸೇರಿಸಿದ್ದರೆ ಸಾಕಾಗುತ್ತಿತ್ತು. ಸರ್ವರ್ ಬೇರೆ ಊರಿನ ಡೇಟಾ ಸೆಂಟರ್‌ನಲ್ಲಿದ್ದಾಗ ಆ ಒಂದು ಪದದ ಬೆಲೆ ದೊಡ್ಡದು.

ಇವೆಲ್ಲ ಸಿಸ್ಟಮ್‌ಡಿಯದೇ ತಪ್ಪಲ್ಲವೇ, ಚೆನ್ನಾಗಿ ನಡೆಯುತ್ತಿದ್ದ ಲೋಕಕ್ಕೆ ತನ್ನ ಕಟ್ಟುಪಾಡು ಹೇರಿತಲ್ಲ ಎನ್ನುವವರಿದ್ದಾರೆ. ಈ ಜಗಳ ಸಣ್ಣದಾಗಿರಲಿಲ್ಲ. 2014ರ ಫೆಬ್ರುವರಿಯಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯಲ್ಲಿ ಸಿಸ್ಟಮ್‌ಡಿ ಮತ್ತು ಅಪ್‌ಸ್ಟಾರ್ಟ್ ನಡುವೆ ಮತ ಸಮಸಮವಾಗಿ, ಅಧ್ಯಕ್ಷ ಬ್ಡೇಲ್ ಗಾರ್ಬಿ ಅವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ ಒಂದು ಗುಂಪು ಸಿಡಿದು ದೇವುವಾನ್ ಎಂಬ ಪ್ರತ್ಯೇಕ ಡಿಸ್ಟ್ರೋ ಕಟ್ಟಲು ಹೊರಟಿತು, ಅದರ ಮೊದಲ ಸ್ಥಿರ ಆವೃತ್ತಿ 2017ರ ಮೇ ತಿಂಗಳಲ್ಲಿ ಬಂತು. 2019ರ ಡಿಸೆಂಬರ್‌ನಲ್ಲಿ ಡೆಬಿಯನ್ ಸದಸ್ಯರು ಮತ್ತೆ ಮತ ಹಾಕಿ, ಸಿಸ್ಟಮ್‌ಡಿಯೇ ಮುಖ್ಯ, ಆದರೆ ಪರ್ಯಾಯಗಳ ಹುಡುಕಾಟಕ್ಕೆ ಬೆಂಬಲವಿದೆ ಎಂಬ ನಿಲುವನ್ನು ಆರಿಸಿದರು. ಒಂದೇ ಯೋಜನೆ ಲಾಗ್, ಲಾಗಿನ್, ನೆಟ್‌ವರ್ಕ್ ಎಂದು ಕೈ ಚಾಚುತ್ತಾ ಹೋಗುವುದರ ಬಗ್ಗೆ ವಿರೋಧಿಗಳಿಗಿರುವ ಆತಂಕದಲ್ಲಿ ಹುರುಳಿದೆ, ಅದನ್ನು ಹಠ ಎಂದು ತಳ್ಳಿಹಾಕುವುದು ಅನ್ಯಾಯ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಧಿಕೃತ ಕೈಪಿಡಿಯೇ ಒಂದು ಎಚ್ಚರಿಕೆ ಕೊಡಬೇಕಾಯಿತು: ಡೇಟಾಬೇಸ್ ಓಡಿಸುವ ಬಳಕೆದಾರ ಸಾಮಾನ್ಯ ಬಳಕೆದಾರನಾಗಿದ್ದರೆ, ಆತ ಲಾಗೌಟ್ ಆದಾಗ ಸಿಸ್ಟಮ್‌ಡಿಯ ಲಾಗಿನ್ ವಿಭಾಗ ಹಂಚಿಕೆಯ ಮೆಮೊರಿ, ಸೆಮಾಫೋರ್‌ಗಳನ್ನು ಗುಡಿಸಿಹಾಕಬಹುದು, ಡೇಟಾಬೇಸ್ ಕುಸಿಯಬಹುದು. ಆ ಬಳಕೆದಾರನನ್ನು ಸಿಸ್ಟಮ್ ಬಳಕೆದಾರನಾಗಿ ಸೃಷ್ಟಿಸಿ, ಇಲ್ಲವೇ ‘ರಿಮೂವ್‌ಐಪಿಸಿ’ ಆಯ್ಕೆಯನ್ನು ಬಂದ್ ಮಾಡಿ ಎಂಬುದು ಅದು ಸೂಚಿಸುವ ದಾರಿ. ಯಾರದೋ ಲಾಗೌಟ್‌ಗೂ ಡೇಟಾಬೇಸ್‌ನ ಪ್ರಾಣಕ್ಕೂ ಗಂಟು ಹಾಕಿದ ವಿನ್ಯಾಸವನ್ನು ಸಮರ್ಥಿಸುವುದು ಕಷ್ಟ.

ಆದರೆ ಇದನ್ನೆಲ್ಲ ಒಪ್ಪಿದ ಮೇಲೂ ನನ್ನ ವಾದ ಬದಲಾಗುವುದಿಲ್ಲ, ಏಕೆಂದರೆ ಎದುರು ದಿಕ್ಕಿನಲ್ಲಿ ನಡೆದವರಿಗೂ ಇದೇ ಕೆಲಸ ಕಾದಿದೆ. ಸಿಸ್ಟಮ್‌ಡಿ ಬಿಟ್ಟು, ಓಪನ್‌ಆರ್‌ಸಿ ಎಂಬ ಇನಿಟ್ ಬಳಸುವ ಆಲ್ಪೈನ್‌ಗೋ, ರನಿಟ್ ಎಂಬ ಇನಿಟ್ ಬಳಸುವ ವಾಯ್ಡ್ ಲಿನಕ್ಸ್‌ಗೋ ಹೋದವರು ಏನನ್ನು ಎದುರಿಸುತ್ತಾರೆ ನೋಡಿ. ರನಿಟ್‌ನಲ್ಲಿ ಸರ್ವಿಸ್ ಮುನ್ನೆಲೆಯಲ್ಲೇ ಓಡುತ್ತಿರಬೇಕು. ಹಿನ್ನೆಲೆಗೆ ಜಾರಿತೋ, ಸತ್ತಿತೆಂದು ತಿಳಿದು ಮತ್ತೆ ಮತ್ತೆ ಎಬ್ಬಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯ ಪಟ್ಟಿ ಅಲ್ಲಿಲ್ಲ. ಬೇಕಾದ ಇನ್ನೊಂದು ಸರ್ವಿಸ್ ಎದ್ದಿದೆಯೇ ಎಂದು ಸ್ಕ್ರಿಪ್ಟೇ ಪರೀಕ್ಷಿಸಿ, ಇಲ್ಲವಾದರೆ ಸೋತು, ಮುಂದಿನ ಪ್ರಯತ್ನಕ್ಕೆ ಕಾಯುವುದು ಅಲ್ಲಿನ ರೂಢಿ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸಿಸ್ಟಮ್‌ಡಿಯ ಟೈಮರ್‌ಗಳೆಲ್ಲ ಅದೇ ಕೆಲಸದ ಹಳೆಯ ಸಾಧನ ಕ್ರಾನ್‌ಗೆ ಮರಳಬೇಕು. ಡೆಬಿಯನ್ನಿನೊಳಗೇ ಸಿಸ್‌ವಿಗೆ ಮರಳುವವರಿಗೆ ಇನ್ನೊಂದು ತೊಡಕಿದೆ: ಪ್ಯಾಕೇಜ್ ನೋಡಿಕೊಳ್ಳುವವರು ಹಳೆಯ ಸ್ಕ್ರಿಪ್ಟ್‌ಗಳನ್ನು ಕೈಬಿಡುತ್ತಾ ಬಂದದ್ದರಿಂದ, ಹೀಗೆ ಅನಾಥವಾದ ಸ್ಕ್ರಿಪ್ಟ್‌ಗಳನ್ನೇ ಕೂಡಿಹಾಕಿದ ಪ್ಯಾಕೇಜೊಂದನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಿದೆ. ಇವೆಲ್ಲ ಕಣ್ಣಿಗೆ ಬೀಳುವ ಕೊರತೆಗಳು. ಕಣ್ಣಿಗೆ ಬೀಳದ ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಅನೇಕ ಯುನಿಟ್ ಫೈಲುಗಳಲ್ಲಿ ಸರ್ವಿಸ್‌ಗೆ ಪ್ರತ್ಯೇಕ ತಾತ್ಕಾಲಿಕ ಡೈರೆಕ್ಟರಿ ಕೊಡುವ, ಸಿಸ್ಟಮ್ ಫೈಲುಗಳನ್ನು ಬರೆಯದಂತೆ ತಡೆಯುವ, ಹೊಸ ಅಧಿಕಾರ ಪಡೆಯದಂತೆ ಕಟ್ಟಿಹಾಕುವ ರಕ್ಷಣೆಯ ಸಾಲುಗಳಿರುತ್ತವೆ. ಇನಿಟ್ ಬದಲಾದ ದಿನ ಅವೆಲ್ಲ ಹೋಗುತ್ತವೆ. ಯಾವ ದೋಷ ಸಂದೇಶವೂ ಬರುವುದಿಲ್ಲ, ಯಾವ ಸರ್ವಿಸ್ಸೂ ನಿಲ್ಲುವುದಿಲ್ಲ. ವೆಬ್ ಸರ್ವರ್ ಎಂದಿನಂತೆ ಪುಟಗಳನ್ನು ಕೊಡುತ್ತಲೇ ಇರುತ್ತದೆ, ಅದರ ಸುತ್ತಲಿದ್ದ ಬೇಲಿ ಮಾತ್ರ ಇರುವುದಿಲ್ಲ.

ಸಣ್ಣ ಕಚೇರಿಗಳ ಮಾತು ಉಳಿಯಿತು. ಒಬ್ಬರೇ ಅಡ್ಮಿನ್, ಒಂದೋ ಎರಡೋ ಸರ್ವರ್, ನೂರಾರು ಸರ್ವಿಸ್‌ಗಳನ್ನು ಹೀಗೆ ಕೂತು ಪರಿಶೀಲಿಸಲು ಪುರುಸೊತ್ತು ಎಲ್ಲಿದೆ? ನ್ಯಾಯವಾದ ಪ್ರಶ್ನೆ. ಆದರೆ ಪರಿಶೀಲಿಸಬೇಕಾದ್ದು ನೂರಾರಲ್ಲ. ಡಿಸ್ಟ್ರೋದ ಪ್ಯಾಕೇಜ್‌ಗಳೊಂದಿಗೆ ಬಂದ ಸರ್ವಿಸ್‌ಗಳಿಗೆ ಪ್ಯಾಕೇಜಿನವರೇ ಯುನಿಟ್ ಫೈಲು ಬರೆದಿರುತ್ತಾರೆ. ನಮ್ಮ ಹೊಣೆ ನಾವೇ ಸೇರಿಸಿದವು, ನಾವೇ ತಿದ್ದಿದವು. ಸ್ಕ್ರಿಪ್ಟ್‌ಗಳ ಡೈರೆಕ್ಟರಿಯಲ್ಲಿರುವ ಪ್ರತಿ ಫೈಲೂ ಯಾವ ಪ್ಯಾಕೇಜಿಗೆ ಸೇರಿದ್ದು ಎಂದು ಪ್ಯಾಕೇಜ್‌ಗಳ ಲೆಕ್ಕವಿಡುವ ಡಿಪಿಕೆಜಿ ಅಥವಾ ಆರ್‌ಪಿಎಂ ಅನ್ನು ಕೇಳಿದರೆ ಯಾರಿಗೂ ಸೇರದ ಫೈಲುಗಳು ಹೊರಬೀಳುತ್ತವೆ, ಸಾಮಾನ್ಯವಾಗಿ ಅವು ಕೈಬೆರಳೆಣಿಕೆಯಷ್ಟೇ. ಬದಲಾವಣೆಗೆ ಮೊದಲು, ಹಳೆಯ ವ್ಯವಸ್ಥೆ ಇನ್ನೂ ಓಡುತ್ತಿರುವಾಗಲೇ, ಆ ಸರ್ವಿಸ್‌ಗಳ ಜಾತಕವನ್ನು ಬರೆದಿಟ್ಟುಕೊಳ್ಳಬಹುದು. ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ ಪ್ರಾಕ್ ಎಂಬ ಡೈರೆಕ್ಟರಿಯಲ್ಲಿ ಅದರ ನಂಬರಿನ ಒಂದು ಕೋಣೆ ಇರುತ್ತದೆ. ಅದರೊಳಗಿನ ‘ಲಿಮಿಟ್ಸ್’ ಫೈಲು ಮಿತಿಗಳನ್ನೂ, ‘ಎನ್ವಿರಾನ್’ ಫೈಲು ಶುರುವಾದಾಗ ಸಿಕ್ಕ ಪರಿಸರವನ್ನೂ ಇದ್ದದ್ದು ಇದ್ದ ಹಾಗೆ ತೋರಿಸುತ್ತವೆ. ಬದಲಾದ ಮೇಲೆ ಅದೇ ಎರಡು ಫೈಲುಗಳನ್ನು ಮತ್ತೆ ತೆಗೆದು ಹೋಲಿಸಿದರೆ ವ್ಯತ್ಯಾಸವೆಲ್ಲ ಎದುರಿಗೇ ಬರುತ್ತದೆ. 214ರ ಗುಟ್ಟು ಅಲ್ಲಿ ಕೆಲವೇ ನಿಮಿಷಗಳಲ್ಲಿ ಸಿಗುವಂಥದ್ದು. ತಿದ್ದುಪಡಿಯನ್ನು ಪ್ಯಾಕೇಜಿನ ಮೂಲ ಯುನಿಟ್ ಫೈಲಿನಲ್ಲಿ ಮಾಡಿದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ, ಆದ್ದರಿಂದ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ತೆರೆಯುವ ಓವರ್‌ರೈಡ್ ಫೈಲಿನಲ್ಲೇ ಮಾಡಬೇಕು. ಎಲ್ಲ ಆದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ ತೃಪ್ತಿಪಡದೆ ಯಂತ್ರವನ್ನೇ ಒಮ್ಮೆ ಪೂರ್ತಿ ರೀಬೂಟ್ ಮಾಡಬೇಕು. ನೆಟ್‌ವರ್ಕ್ ಪೂರ್ತಿ ಸಿದ್ಧವಾಗುವ ಮೊದಲೇ ಎದ್ದು, ತನಗೆ ಬೇಕಾದ ಐಪಿ ವಿಳಾಸ ಸಿಗದೆ ಬೀಳುವ ಸರ್ವಿಸ್ ಪತ್ತೆಯಾಗುವುದು ಆಗ ಮಾತ್ರ. ಹಳೆಯ ಕಾಲದಲ್ಲಿ ಒಂದೊಂದೇ ಸ್ಕ್ರಿಪ್ಟ್ ನಿಧಾನವಾಗಿ ಓಡುತ್ತಿದ್ದುದರಿಂದ ಅದರ ಸರದಿ ಬರುವಷ್ಟರಲ್ಲಿ ನೆಟ್‌ವರ್ಕ್ ಬಂದಿರುತ್ತಿತ್ತು.

ಇಷ್ಟಾದರೂ ಒಂದು ಬಗೆಯ ಸರ್ವಿಸ್ ಅಡ್ಮಿನ್‌ನ ಕೈಮೀರಿದ್ದು. ಹೊರಗಿನ ಕಂಪನಿಗಳು ಮಾರುವ ಲೈಸೆನ್ಸ್ ಸರ್ವರ್, ಬ್ಯಾಕಪ್ ಏಜೆಂಟ್, ಲೆಕ್ಕಪತ್ರದ ಸಾಫ್ಟ್‌ವೇರ್‌ಗಳಲ್ಲಿ ಇವತ್ತಿಗೂ ಹಳೆಯ ಬಗೆಯ ಸ್ಕ್ರಿಪ್ಟನ್ನೇ ಕೊಟ್ಟು ಕೈತೊಳೆದುಕೊಳ್ಳುವವುಗಳಿವೆ. ಅದರೊಳಗೆ ಏನೇನು ನಂಬಿಕೆಗಳು ಹುದುಗಿವೆ ಎಂಬುದು ಬರೆದವರಿಗಷ್ಟೇ ಗೊತ್ತು. 2023ರ ಜುಲೈನಲ್ಲಿ ಬಂದ ಸಿಸ್ಟಮ್‌ಡಿ 254ನೇ ಆವೃತ್ತಿ, ಸಿಸ್‌ವಿ ಸ್ಕ್ರಿಪ್ಟ್‌ಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಮುಂದಿನ ಆವೃತ್ತಿಯೊಂದರಲ್ಲಿ ತೆಗೆದುಹಾಕುವುದಾಗಿ ಘೋಷಿಸಿತು. ಬೆಂಬಲ ಹೋದ ಆವೃತ್ತಿಗೆ ಅಪ್‌ಗ್ರೇಡ್ ಆದ ಯಂತ್ರದಲ್ಲಿ ಇಂಥ ಸರ್ವಿಸ್ ತಾನಾಗಿ ಏಳುವುದಿಲ್ಲ. ಆದ್ದರಿಂದ ಸಾಫ್ಟ್‌ವೇರ್‌ನ ಖರೀದಿ ಆದೇಶದಲ್ಲೋ ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲೋ ಯುನಿಟ್ ಫೈಲು, ಬೇಕಾದ ಮಿತಿಗಳು, ಶುರುವಾಗಲು ಹಿಡಿಯುವ ಗರಿಷ್ಠ ಸಮಯ ಇವನ್ನು ಲಿಖಿತವಾಗಿ ಕೊಡಬೇಕೆಂಬ ಒಂದು ಷರತ್ತನ್ನು ಈಗಲೇ ಸೇರಿಸುವುದು ಒಳ್ಳೆಯದು. ಹಣ ಪಾವತಿಯಾಗುವ ಮೊದಲು ಕೇಳಿದರೆ ಅದು ಸಿಗುತ್ತದೆ.